ಹನ್ನೊಂದು ಸಾವಿರ ಜನರ ಜಗಳ ಕಾಯುವ ಬೀಗದಕ್ಕ

ಬೆಳಗಿನ ಐದೂ ಕಾಲು. ಅಡುಗೆಮನೆಯ ಮೂಲೆಯಲ್ಲಿ ಕಾಲು ಅಲ್ಲಾಡುವ ಮೇಜು, ಅದರ ಮೇಲೆ ಎರಡು ಅಕ್ಷರಗಳ ಗುಂಡಿ ಕಿತ್ತುಹೋದ ಲ್ಯಾಪ್‌ಟಾಪ್, ಪಕ್ಕದಲ್ಲಿ ತಟ್ಟೆ ಮುಚ್ಚಿಟ್ಟ ಚಹಾದ ಲೋಟ. ಐವತ್ತೆರಡು ವರ್ಷದ ಆ ಹೆಂಗಸು ಗಂಡನ ಹೊಲಿಗೆ ಬುಟ್ಟಿಯಿಂದ ತೆಗೆದ ಬಟ್ಟೆಚೂರಿನಲ್ಲಿ ಕನ್ನಡಕ ಒರೆಸಿಕೊಂಡು ಪರದೆಯ ಮೇಲೆ ಬಗ್ಗುತ್ತಾರೆ.

"ನೋಡಿ, ಇನ್ನೂ ಹಲ್ಲುಜ್ಜಿರಲ್ಲ, ಆಗಲೇ ಶುರು ಹಚ್ಕೊಂಡಿದ್ದಾರೆ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲೆಂದು ಬಂದು ಕೂತ ನನಗೆ.

ವಿಷಯ ಇಷ್ಟೆ. ಇನ್ನು ಮುಂದೆ ಆಸ್ಪತ್ರೆಯ ಟೋಕನ್ ಆ್ಯಪ್‌ನಲ್ಲಿ ಮಾತ್ರ ಸಿಗುತ್ತದೆಂದು ಹಿಂದಿನ ದಿನ ಸುದ್ದಿ ಬಂದಿದೆ. ಫೋನ್ ಬಳಸಲು ಬಾರದವರು ಎಲ್ಲಿಗೆ ಹೋಗಬೇಕು ಎಂದು ಒಬ್ಬರು ಕೇಳಿದ್ದಾರೆ. ಕಲಿಯದಿದ್ದರೆ ಅದು ಅವರ ಕರ್ಮ ಎಂದು ಇನ್ನೊಬ್ಬರು. ಮೂರನೆಯವರು ಬಂದವರೇ ಎರಡನೆಯವರ ಹೆತ್ತ ತಾಯಿಯನ್ನು ಮಾತಿಗೆ ಎಳೆದಿದ್ದಾರೆ. "ತಾಯಿ ತನಕ ಬಂತು. ಇನ್ನು ಬಿಡೋ ಹಾಗಿಲ್ಲ," ಎಂದು ಈಕೆ ಒಂದು ಗುಂಡಿ ಒತ್ತುತ್ತಾರೆ. ಚರ್ಚೆಯ ಮೇಲೆ ಪುಟ್ಟ ಬೀಗದ ಚಿತ್ರ ಕೂರುತ್ತದೆ. ಆಮೇಲೆ ಮೂವರಿಗೂ ಬೇರೆ ಬೇರೆಯಾಗಿ ಎರಡೆರಡು ಸಾಲು ಬರೆದು, ಮಧ್ಯಾಹ್ನ ಬೀಗ ತೆಗೆಯುತ್ತೇನೆ, ಅಷ್ಟರೊಳಗೆ ತಣ್ಣಗಾಗಿ ಎನ್ನುತ್ತಾರೆ.

ಈ ಜಾಲತಾಣದ ಹೆಸರು ಕಟ್ಟೆ. ದಿನದ ಸುದ್ದಿ, ಅದರಲ್ಲೂ ತಂತ್ರಜ್ಞಾನದ ಸುದ್ದಿ ಹಿಡಿದುಕೊಂಡು ವಾದ ಮಾಡುವ ಹನ್ನೊಂದು ಸಾವಿರ ಸದಸ್ಯರು ಇಲ್ಲಿದ್ದಾರೆ. ಸಂಬಳವಿಲ್ಲದೆ ಇವರನ್ನೆಲ್ಲ ಮೇಯಿಸುವ ಮೇಲ್ವಿಚಾರಕರು ಮೂವರು. ಅವರಲ್ಲಿ ಇಬ್ಬರು ಬಿಡುವಾದಾಗ ಇಣುಕುತ್ತಾರೆ, ಏಳು ವರ್ಷದಿಂದ ದಿನವೂ ಇರುವವರು ಇವರೊಬ್ಬರೇ. ಸದಸ್ಯರು ಪ್ರೀತಿಯಿಂದಲೋ ಸಿಟ್ಟಿನಿಂದಲೋ ಇಟ್ಟ ಹೆಸರು ಬೀಗದಕ್ಕ. ಈಗ ಮನೆಯಲ್ಲೂ ಹಾಗೇ ಕರೆಯುತ್ತಾರಂತೆ. ಎರಡು ವರ್ಷದ ಹಿಂದೆ, ಬ್ಯಾಟರಿ ಸ್ಕೂಟರಿನ ಬಗ್ಗೆ ನಡೆದ ವಾದದಲ್ಲಿ ನನ್ನ ಬಾಯಿಗೂ ಇವರು ಎರಡು ದಿನ ಬೀಗ ಜಡಿದಿದ್ದರು. ತಪ್ಪು ನನ್ನದಲ್ಲ, ಇವತ್ತಿಗೂ ಅದೇ ಹೇಳುತ್ತೇನೆ.

ಬೀಗ ಹಾಕಿದ ಮೇಲೆ ಬೀಗದಕ್ಕ ಪುಟದ ತುದಿಗೆ ಹೋಗುತ್ತಾರೆ. ಅಲ್ಲಿ ಒಂದು ಚರ್ಚೆ ಒಂಬತ್ತು ದಿನದಿಂದ ಅಲುಗಾಡದೆ ನಿಂತಿದೆ. ಕೊನೆಯ ಬರಹ ಅವರದೇ. ಕೆಳಗೆ ಖಾಲಿ. "ಇವತ್ತೂ ಇಲ್ಲ," ಎಂದು ಚಹಾದ ತಟ್ಟೆ ತೆಗೆಯುತ್ತಾರೆ. ಅವರು ಕಾಯುತ್ತಿರುವುದು ಒಬ್ಬ ಮನುಷ್ಯನ ಒಂದೇ ಒಂದು ಮಾತಿಗೆ. ತಾವೇ ಆಚೆ ತಳ್ಳಿದ ಮನುಷ್ಯ.

ಅದಕ್ಕೆ ಬರುವ ಮುಂಚೆ ಅವರ ದಿನಚರಿ ಸ್ವಲ್ಪ ಹೇಳಿಬಿಡುತ್ತೇನೆ. ಹೊಟ್ಟೆಪಾಡಿನ ಕೆಲಸ ಬಸ್ ಡಿಪೋದ ವಿಚಾರಣೆ ಕೌಂಟರಿನಲ್ಲಿ. ಇಪ್ಪತ್ತೆರಡು ವರ್ಷ ಆಯಿತು. ಒಂಬತ್ತಕ್ಕೆ ಗಾಜಿನ ಹಿಂದೆ ಕೂತರೆ ಸಂಜೆ ಐದರವರೆಗೂ ಬಸ್ ಎಷ್ಟೊತ್ತಿಗೆ, ಯಾಕೆ ಬಂದಿಲ್ಲ, ಯಾವಾಗ ಬರುತ್ತೆ, ಈ ಮೂರೇ ಪ್ರಶ್ನೆ. ಬೆಳಿಗ್ಗೆ ಐದರಿಂದ ಎಂಟರವರೆಗೆ ಕಟ್ಟೆಯ ಕೆಲಸ. ದಿನಕ್ಕೆ ಆರುನೂರು ಬರಹ ಬೀಳುತ್ತವೆ. ಡಿಪೋಗೆ ಹೊರಡುವ ಮೊದಲು ಮುನ್ನೂರಾದರೂ ಓದಿರುತ್ತಾರೆ. ಇಪ್ಪತ್ತು ಮೂವತ್ತು ಅಳಿಸುತ್ತಾರೆ, ಒಂದೋ ಎರಡೋ ಬೀಗ ಬೀಳುತ್ತವೆ. ಬೈಸಿಕೊಳ್ಳುವುದಕ್ಕೆ ಮಾತ್ರ ಲೆಕ್ಕವಿಲ್ಲ. ಕಂಪನಿಗಳ ಪರ ಎಂದು ಅರ್ಧ ಜನ, ಸರ್ಕಾರದ ಪರ ಎಂದು ಉಳಿದರ್ಧ ಜನ.

"ಎರಡೂ ಕಡೆ ಬೈದ್ರೆ ಸರಿ ದಾರೀಲಿದ್ದೀನಿ ಅಂತ," ಎಂದು ನಗುತ್ತಾರೆ.

ಒಳಕೋಣೆಯಿಂದ ಅತ್ತೆಯ ದನಿ ಬರುತ್ತದೆ. ಎಂಬತ್ತಮೂರು ವರ್ಷ, ಕಿವಿ ಚುರುಕು. "ನನ್ನ ಜೊತೆ ಒಂದಿನ ಜಗಳ ಆಡಿಲ್ಲ ಕಣಪ್ಪಾ ಇವಳು. ಎಲ್ಲಾ ಅಲ್ಲಿಗೇ ಉಳಿಸಿಟ್ಕೊಂಡಿದ್ದಾಳೆ!"

"ಅತ್ತೆ, ನಾನು ಜಗಳ ಬಿಡಿಸೋಳು."

"ಹೂಂ, ಬಿಡಿಸಿದ್ದು ಕಾಣ್ತಿದೆಯಲ್ಲ. ಚಹಾ ಆರಿ ತಣ್ಣೀರಾಯ್ತು."

ಕಟ್ಟೆಯಲ್ಲಿ ಬೀಗದಕ್ಕ ತಂದ ಒಂದು ಪದ್ಧತಿಯಿದೆ, ಬೇರೆಲ್ಲೂ ನಾನು ಕಂಡಿಲ್ಲ. ಸದಸ್ಯರು ಅದಕ್ಕೆ ಒಪ್ಪಿಸುವುದು ಎನ್ನುತ್ತಾರೆ, ಶಾಲೆಯಲ್ಲಿ ಪಾಠ ಒಪ್ಪಿಸುತ್ತಿದ್ದ ಹಾಗೆ. ವಾದ ಬಿಸಿಯೇರಿತೋ, ಇಬ್ಬರನ್ನೂ ನಿಲ್ಲಿಸುತ್ತಾರೆ. ಎದುರಿನವರು ಏನು ಹೇಳಿದರೆಂದು ನಿಮ್ಮ ಮಾತಿನಲ್ಲಿ ಬರೆಯಿರಿ ಎನ್ನುತ್ತಾರೆ. ಎದುರಿನವರು ಅದನ್ನು ಓದಿ, ಹೌದು, ನಾನು ಹೇಳಿದ್ದು ಇದೇ ಎನ್ನಬೇಕು. ಆ ಹೌದು ಬರುವವರೆಗೆ ಆ ಚರ್ಚೆಯಲ್ಲಿ ಯಾರೂ ಒಂದಕ್ಷರ ಮುಂದುವರಿಸುವಂತಿಲ್ಲ. ಹೇಳೋದಕ್ಕೆ ಸುಲಭ. ನಾನು ಸ್ಕೂಟರಿನ ವಾದದಲ್ಲಿ ಆರು ಸಲ ಒಪ್ಪಿಸಿ ಆರು ಸಲವೂ ಇಲ್ಲ ಅನ್ನಿಸಿಕೊಂಡು, ತಲೆಕೆಟ್ಟು ಏನೋ ಅಂದುಬಿಟ್ಟೆ. ಬೀಗ ಬಿದ್ದಿದ್ದು ಆಗ.

ಇದನ್ನು ಅವರು ಕಲಿತದ್ದು ಕೌಂಟರಿನಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಸರಕ್ಕೆ ಅರ್ಧ ಕೇಳಿಸಿಕೊಂಡು, ವಯಸ್ಸಾದ ಗಂಡ ಹೆಂಡತಿಯನ್ನು ತಪ್ಪು ಬಸ್ಸಿಗೆ ಹತ್ತಿಸಿದ್ದರಂತೆ. "ಪಾಪ, ಎಲ್ಲೋ ಹೋಗಿ ಇಳಿದು, ಸಂಜೆ ವಾಪಸ್ ಬಂದು ನನ್ನ ಮುಂದೆ ನಿಂತ್ರು. ಬೈಯಲೇ ಇಲ್ಲ ಅವ್ರು. ಬೈದಿದ್ರೆ ಚೆನ್ನಾಗಿತ್ತು. ಅವತ್ತಿಂದ ಯಾರೇ ಕೇಳ್ಲಿ, ನೀವು ಕೇಳಿದ್ದು ಆರೂವರೆ ಬಸ್ಸು, ನಡುವೆ ಎಲ್ಲೂ ನಿಲ್ಲದ್ದು, ಅಲ್ವಾ ಅಂತ ತಿರುಗಿಸಿ ಕೇಳಿಯೇ ಉತ್ತರ ಕೊಡೋದು."

ಇಷ್ಟು ಎಚ್ಚರದ ಹೆಂಗಸೇ ಎಡವಿದ್ದು. ಮೂರು ವಾರದ ಹಿಂದಿನ ಮಾತು. ಕಟ್ಟೆಗೆ ಇದ್ದಕ್ಕಿದ್ದಂತೆ ನಕಲಿ ಸದಸ್ಯರು ನುಗ್ಗಿದರು. ಮನುಷ್ಯರಲ್ಲ, ಯಾರೋ ಬಿಟ್ಟ ಯಂತ್ರಗಳು, ಒಂದೇ ಥರದ ಹೊಗಳಿಕೆ ಎಲ್ಲ ಚರ್ಚೆಗೂ ಸುರಿಯುವಂಥವು. ಒಂದು ಬೆಳಿಗ್ಗೆ ಕೂತು ಬೀಗದಕ್ಕ ನಲವತ್ತೊಂದು ಖಾತೆ ಕಿತ್ತೆಸೆದರು. ನಲವತ್ತೆರಡನೆಯದು ಸದಸ್ಯರು ಗಡಿಯಾರ ಎಂದು ಕರೆಯುತ್ತಿದ್ದವರ ಖಾತೆ. ಸೇರಿ ಎರಡು ತಿಂಗಳಾಗಿತ್ತು. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದರು. ಪ್ರತಿಸಲವೂ ಮೊದಲ ಸಾಲು ಅದೇ: ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ನಾಲ್ಕು ನಿಮಿಷಕ್ಕೆ ಇನ್ನೊಂದು ಸಾಲು. ಮತ್ತೆ ನಾಲ್ಕು ನಿಮಿಷಕ್ಕೆ ಮತ್ತೊಂದು. ನಮಸ್ಕಾರವಿಲ್ಲ, ನಗುವಿಲ್ಲ, ಬೈದರೂ ತಿರುಗಿ ಬೈಯುವುದಿಲ್ಲ.

"ಮನುಷ್ಯ ಅಂದ್ಮೇಲೆ ಒಂದ್ಸಲವಾದ್ರೂ ಸಿಟ್ಟು ಮಾಡ್ಕೋಬೇಕಲ್ಲ ಅಂದ್ಕೊಂಡೆ. ಕಿತ್ತು ಹಾಕ್ದೆ. ಅವರು ಬರೆದಿದ್ದನ್ನ ಪೂರ್ತಿ ಓದಿರಲಿಲ್ಲ ನಾನು. ಗಂಟೆ ನೋಡ್ದೆ, ಮಾತು ನೋಡ್ಲಿಲ್ಲ."

ಐದು ದಿನ ಬಿಟ್ಟು ಒಂದು ಪತ್ರ ಬಂತು. ಬರೆದವಳು ಗಡಿಯಾರ ಅವರ ಮಗಳು. ಬೀಗದಕ್ಕ ಅದನ್ನು ನನಗೆ ಓದಿ ಹೇಳುತ್ತಾರೆ. "ಮೇಡಂ, ನಮ್ಮಪ್ಪ ಯಂತ್ರ ಅಲ್ಲ. ಮೂವತ್ತೈದು ವರ್ಷ ರೇಡಿಯೊ, ಟೀವಿ ರಿಪೇರಿ ಮಾಡಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ನಿಂತಿತು, ಬಲಗೈ ಹೋಯಿತು. ಎಡಗೈಯ ಒಂದು ಬೆರಳಿನಲ್ಲಿ ಒತ್ತುತ್ತಾರೆ. ಸುಲಭವಾಗಲಿ ಎಂದು ಕೆಲವು ವಾಕ್ಯ ನಾನೇ ಫೋನಿನಲ್ಲಿ ತುಂಬಿಕೊಟ್ಟಿದ್ದೆ. ಒಂದು ಸಾಲಿಗೆ ನಾಲ್ಕು ನಿಮಿಷ ಬೇಕು. ಬೆರಳಿನ ವ್ಯಾಯಾಮ ಮಾಡಿ ಎಂದರೆ ಡಾಕ್ಟರ ಮಾತೂ ಕೇಳದವರು ನಿಮ್ಮ ಕಟ್ಟೆಗೋಸ್ಕರ ಮಾಡುತ್ತಿದ್ದರು. ನೀವು ಯಂತ್ರ ಎಂದು ತೆಗೆದುಹಾಕಿದ ಮೇಲೆ ಫೋನ್ ಮಗುಚಿ ಇಟ್ಟಿದ್ದಾರೆ. ಕೈ ಎತ್ತುತ್ತಿಲ್ಲ."

ಓದಿ ಮುಗಿಸಿ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. "ಕೌಂಟರಿಗೆ ಮಾತು ಬರದವರು ಬಂದ್ರೆ ಚೀಟಿ, ಪೆನ್ನು ಕೊಟ್ಟು ಕಾಯ್ತೀನಿ ನಾನು. ಹಿಂದೆ ಎಷ್ಟು ಜನ ಸಾಲು ನಿಂತಿದ್ರೂ ಕಾಯ್ತೀನಿ. ಇಲ್ಲಿ ಒಂದು ಸಾಲಿಗೆ ನಾಲ್ಕು ನಿಮಿಷ ತಗೊಂಡಿದ್ದೇ ಆ ಮನುಷ್ಯನ ತಪ್ಪಾಗಿ ಕಂಡಿತಲ್ಲ, ಥೂ ನನ್ನ!"

ಖಾತೆಯನ್ನು ಆ ಕ್ಷಣವೇ ತೆರೆದುಕೊಟ್ಟರು. ಕ್ಷಮೆ ಕೇಳಿ ಬರೆದರು. ಉತ್ತರವಿಲ್ಲ. ಮನೆಗೇ ಬಂದು ಕೇಳುತ್ತೇನೆ ಎಂದರು. ಅಪ್ಪ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಾರೆ ಎಂದು ಮಗಳು ಬರೆದಳು. ಆಗ ಬೀಗದಕ್ಕ ಹನ್ನೊಂದು ಸಾವಿರ ಜನರ ಮುಂದೆ ನಿಂತು, ಮನುಷ್ಯರೊಬ್ಬರನ್ನು ಯಂತ್ರವೆಂದು ತಳ್ಳಿದ್ದು ನಾನು, ತಪ್ಪು ನನ್ನದು ಎಂದು ಬರೆದರು. ಬಿಡುತ್ತಾರೆಯೇ ನಮ್ಮವರು? ರಾಜೀನಾಮೆ ಕೊಡಿ ಎಂದವರಿದ್ದಾರೆ. ಹೆಂಗಸರಿಗೆ ಈ ಕೆಲಸ ಯಾಕೆ ಎಂದ ಮಹಾನುಭಾವರೂ ಇದ್ದಾರೆ. ಅಂಥವರ ಬರಹವನ್ನು ಅಳಿಸುವ ಅಧಿಕಾರ ಕೈಯಲ್ಲೇ ಇದ್ದರೂ ಈಕೆ ಒಂದನ್ನೂ ಮುಟ್ಟಿಲ್ಲ.

ಅಷ್ಟಕ್ಕೇ ನಿಲ್ಲದೆ, ತಮ್ಮ ಪದ್ಧತಿಯನ್ನು ತಮಗೇ ಹಾಕಿಕೊಂಡರು. ಗಡಿಯಾರ ಎರಡು ತಿಂಗಳು ವಾದಿಸುತ್ತಿದ್ದದ್ದು ಒಂದೇ ಚರ್ಚೆಯಲ್ಲಿ: ಕೊಂಡ ಫೋನನ್ನು ಯಾರು ಬೇಕಾದರೂ ರಿಪೇರಿ ಮಾಡುವಂತಿರಬೇಕೋ, ಕಂಪನಿಯವರೇ ಮಾಡಬೇಕೋ. ಬೀಗದಕ್ಕ ಅವರ ಅಷ್ಟೂ ಸಾಲುಗಳನ್ನು ಕೂತು ಓದಿ, ಅವರ ವಾದವನ್ನು ತಮ್ಮ ಮಾತಿನಲ್ಲಿ ಒಪ್ಪಿಸಿದರು: ಬಿಡಿಭಾಗಗಳು ಎಲ್ಲ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗಬೇಕು, ಆಗ ರಿಪೇರಿಯವರು ಬದುಕುತ್ತಾರೆ ಎನ್ನುವುದು ನಿಮ್ಮ ಮಾತು, ಸರಿಯಾ? ಅಂದಿನಿಂದ ಆ ಚರ್ಚೆ ನಿಂತಿದೆ. ಗಡಿಯಾರ ಹೌದು ಎನ್ನುವವರೆಗೆ ಬೇರೆ ಯಾರೂ ಬರೆಯುವಂತಿಲ್ಲ. ಕಟ್ಟೆಯ ಅತಿ ದೊಡ್ಡ ಬಾಯಿಗಳೆಲ್ಲ ಇಲ್ಲಿ ಕೈಕಟ್ಟಿ ಕೂತಿವೆ.

ನಾನಿದ್ದ ಬೆಳಿಗ್ಗೆ ಏನೂ ಆಗುವುದಿಲ್ಲ. ಎಂಟಕ್ಕೆ ಅವರು ಲ್ಯಾಪ್‌ಟಾಪ್ ಮುಚ್ಚಿ, ತಣ್ಣಗಾದ ಚಹಾವನ್ನೇ ಒಂದು ಗುಟುಕಿಗೆ ಕುಡಿದು ಬಸ್ಸಿಗೆ ಓಡುತ್ತಾರೆ. ಬರಹವನ್ನು ಹೀಗೇ ಮುಗಿಸಬೇಕಲ್ಲ ಎಂದು ಪೆಚ್ಚಾಗಿ ನಾನೂ ಹೊರಡುತ್ತೇನೆ.

ನಾಲ್ಕು ದಿನ ಬಿಟ್ಟು, ಒಂದೆರಡು ವಿವರ ಖಚಿತಪಡಿಸಿಕೊಳ್ಳಲೆಂದು ಮತ್ತೆ ಹೋಗುತ್ತೇನೆ. ಗಂಟೆ ಏಳೂವರೆ ದಾಟಿದೆ. ಮುಂದಿನ ಕೋಣೆಯಲ್ಲಿ ಗಂಡ ಯಾವುದೋ ಕೋಟಿನ ತೋಳು ಹೊಲಿಯುತ್ತಿದ್ದಾರೆ. ನನ್ನನ್ನು ಕಂಡು ಒಳಗೆ ಬೆರಳು ತೋರಿಸುತ್ತಾರೆ. ಬೀಗದಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಾರೆ. ನಿಂತಿದ್ದ ಚರ್ಚೆಯ ಕೆಳಗೆ ಒಂದು ಪದ ಬಂದಿದೆ.

ಇಲ್ಲ.

ಅಷ್ಟೇ. ನಾವಿಬ್ಬರೂ ಪರದೆ ನೋಡುತ್ತಾ ಕೂರುತ್ತೇವೆ. ನಾಲ್ಕು ನಿಮಿಷ ಎಷ್ಟು ಉದ್ದ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಎರಡನೆಯ ಸಾಲು ಬರುತ್ತದೆ: ಬೆಲೆಯ ಮಾತಲ್ಲ. ಮತ್ತೆ ಕಾಯುತ್ತೇವೆ. ಮೂರನೆಯದು: ಮೊದಲು ಬಿಚ್ಚೋಕೆ ಬರಬೇಕು. ಈ ಸಲ ಐದಾರು ನಿಮಿಷ, ಆಮೇಲೆ: ಅಂಟು ಬೇಡ. ಸ್ಕ್ರೂ ಹಾಕಿ.

"ಏನಂತೇ?" ಒಳಗಿಂದ ಅತ್ತೆ. "ಬೈದ್ರಾ?"

"ಬೈದ್ರು ಅತ್ತೆ! ನೀನು ಒಪ್ಪಿಸಿದ್ದು ಪೂರ್ತಿ ತಪ್ಪು ಅಂದ್ರು!" ಬೀಗದಕ್ಕ ನಗುತ್ತಿದ್ದಾರೆ, ಕನ್ನಡಕದ ಕೆಳಗೆ ನೀರು ಇಳಿಯುತ್ತಿದೆ. ಹೊಲಿಗೆ ಯಂತ್ರದ ಸದ್ದು ನಿಂತು, ಗಂಡನ ಮುಖ ಬಾಗಿಲಲ್ಲಿ ಕಾಣಿಸುತ್ತದೆ.

ಅವರು ಹೊಸದಾಗಿ ಒಪ್ಪಿಸುತ್ತಾರೆ: ಬಿಡಿಭಾಗ ಎಷ್ಟು ಅಗ್ಗವಾದರೂ, ಅಂಟು ಹಾಕಿ ಮುಚ್ಚಿದ ಫೋನನ್ನು ಬಿಚ್ಚಲು ಆಗದಿದ್ದರೆ ಏನು ಪ್ರಯೋಜನ, ಬಿಚ್ಚಲು ಬರುವಂತೆ ಮಾಡಿ ಎಂದು ಮೊದಲು ಹೇಳಬೇಕು, ಇದೇ ಅಲ್ಲವಾ ನಿಮ್ಮ ಮಾತು? ಅಷ್ಟರಲ್ಲಿ ಮಗಳಿಂದ ಬೇರೆಯಾಗಿ ಒಂದು ಸಂದೇಶ ಬರುತ್ತದೆ. ಬೀಗದಕ್ಕ ಅದನ್ನು ನನ್ನ ಕಡೆ ತಿರುಗಿಸುತ್ತಾರೆ. "ಮೇಡಂ, ನೀವು ಬರೆದದ್ದನ್ನು ದಿನಾ ಓದಿ ಹೇಳುತ್ತಿದ್ದೆ. ಇವತ್ತು ಕೇಳಿ ಕೇಳಿ ತಡೆಯಲಾಗದೆ ಫೋನ್ ಕಿತ್ತುಕೊಂಡರು. ಈಗ ಬಂದದ್ದು ನಾನು ತುಂಬಿಕೊಟ್ಟ ವಾಕ್ಯಗಳಲ್ಲ. ಪ್ರತಿ ಅಕ್ಷರವೂ ಅವರದೇ."

ಎಂಟೂ ಐದಕ್ಕೆ ಕಟ್ಟೆಯ ಮೇಲೆ ಹೌದು ಎಂಬ ಪದ ಕೂರುತ್ತದೆ. ಹದಿಮೂರು ದಿನ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಒಟ್ಟಿಗೆ ಮುಗಿಬೀಳುತ್ತಾರೆ. ಫೋನಿಗೆ ಸ್ಕ್ರೂ ಹಾಕಿದರೆ ನೀರು ನುಗ್ಗುತ್ತದೆ ಎಂದು ಆಗಲೇ ಒಬ್ಬರು ತಗಾದೆ ತೆಗೆದಿದ್ದಾರೆ. ಕೆಳಗೆ, ಗಡಿಯಾರ ಬರೆಯುತ್ತಿದ್ದಾರೆ ಎಂದು ಪರದೆ ತೋರಿಸುತ್ತಿದೆ.

ನಾನು ಗಡಿಯಾರದ ಕಡೆ, ಅಂದರೆ ಗೋಡೆಯ ಮೇಲಿನದರ ಕಡೆ ನೋಡಿ, ನಿಮಗೆ ಬಸ್ಸು ತಪ್ಪುತ್ತದೆ ಎನ್ನುತ್ತೇನೆ. ಬೀಗದಕ್ಕ ಡಿಪೋದ ಗೆಳತಿಗೆ ಫೋನ್ ಮಾಡುತ್ತಾರೆ. "ಒಂದು ಗಂಟೆ ಕೌಂಟರ್ ನೋಡ್ಕೊಳ್ಳೇ, ಪ್ಲೀಸ್. ಇಲ್ಲ, ಹುಷಾರಾಗೇ ಇದ್ದೀನಿ. ಯಾರೋ ಬಂದಿದ್ದಾರೆ." ಫೋನ್ ಇಟ್ಟು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಳ್ಳುತ್ತಾರೆ.

"ಅವರು ಇನ್ನೂ ಬರೀತಿದ್ದಾರೆ," ಎನ್ನುತ್ತಾರೆ. "ಮುಗಿಸೋವರೆಗೂ ನಾನು ಏಳಲ್ಲ."