ಮಟ್ಟೆಗುಂಡಿ ಸೋಸಿದ ನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ಪೇಟೆಯ ಕಸವನ್ನು ತುರುವೇಕೆರೆ ರಸ್ತೆಯ ಹಳ್ಳಕ್ಕೆ ಸುರಿಯತೊಡಗಿದ್ದರು. ಮಳೆ ಬಿದ್ದರೆ ಆ ಗುಡ್ಡೆಯ ಬುಡದಿಂದ ಕಪ್ಪು ನೀರು ಒಸರಿ ಚಿಕ್ಕಪ್ಪನ ತೆಂಗಿನ ತೋಟಕ್ಕೆ ಇಳಿಯುತ್ತಿತ್ತು. ಅದರ ಮೇಲೆ ಎಣ್ಣೆಯ ಬಣ್ಣಗಳು ತೇಲುತ್ತಿದ್ದವು ಎಂದು ಬರೆಯಹೊರಟು ನಿಲ್ಲಿಸಿದೆ. ಅದನ್ನು ಕಂಡೆನೋ, ಆಮೇಲೆ ಎಲ್ಲೋ ಓದಿದೆನೋ, ಗೊತ್ತಿಲ್ಲ. ನಾತದ ಬಗ್ಗೆ ಮಾತ್ರ ಅನುಮಾನವಿಲ್ಲ.

ಚಿಕ್ಕಪ್ಪ ಆ ನೀರನ್ನು ತಡೆಯಲಿಲ್ಲ. ನಾರು ತೆಗೆಯಲು ಕಾಯಿಮಟ್ಟೆ ನೆನೆಹಾಕುವ ಹಳೆಯ ಗುಂಡಿಗೆ ತಿರುಗಿಸಿದ. ನಮ್ಮ ಕಡೆ ಎಲ್ಲರೂ ಕಂಡದ್ದೇ: ಮಟ್ಟೆ ನೆನೆದ ನೀರು ಕಂದುಬಣ್ಣಕ್ಕೆ ತಿರುಗುತ್ತದೆ, ಗುಳ್ಳೆ ಬಿಡುತ್ತದೆ, ಗಬ್ಬು ಹೊಡೆಯುತ್ತದೆ, ಕಡೆಗೆ ತಿಳಿಯಾಗುತ್ತದೆ. ಇದೂ ಹಾಗೇ ಎಂದು ನಂಬಿದ. ಹಾಗೇ ಆಯಿತು ಕೂಡ. ಗುಂಡಿಯ ಆಚೆ ಬದಿಯಿಂದ ಹೊರಟ ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ. ಅದು ಮನೆಯ ಬಾವಿಯ ಪಕ್ಕದಲ್ಲೇ ಇಂಗುತ್ತಿತ್ತು. ಮನೆಯವರೆಲ್ಲ ಕುಡಿಯುತ್ತಿದ್ದುದು ಆ ಬಾವಿಯ ನೀರನ್ನು.

ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದೆ. ಕೊಳೆಯುವಂಥದ್ದನ್ನು ಕೆಸರಿನ ಸೂಕ್ಷ್ಮಜೀವಿಗಳು ತಿಂದು ಗ್ಯಾಸ್ ಮಾಡುತ್ತವೆ, ಗುಳ್ಳೆ ಅದರದೇ ಎಂದೆ. ಆದರೆ ಆ ಕಸದಲ್ಲಿ ಟಾರ್ಚಿನ ಸೆಲ್ಲುಗಳಿವೆ, ಬಿಎಚ್‌ಸಿ ಪುಡಿಯ ಚೀಲಗಳಿವೆ. ಸೆಲ್ಲಿನ ಲೋಹ ಕೊಳೆತು ಹೋಗುವಂಥದ್ದಲ್ಲ, ಆ ಕೀಟನಾಶಕ ಒಡೆದರೂ ತೀರ ನಿಧಾನ, ಅರ್ಧ ಒಡೆದದ್ದೂ ವಿಷವೇ ಇರಬಹುದು, ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ ಎಂದೆ. ಮೆದುವಾಗಿ ಹೇಳಿದೆ ಎಂದು ನನ್ನ ನೆನಪು. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಚಿಕ್ಕಪ್ಪ ಬಾವಿಯಿಂದ ಒಂದು ಚೊಂಬು ನೀರು ತಂದು ನನ್ನ ಮುಖಕ್ಕೆ ಹಿಡಿದ.

"ನಿನ್ ಮೂತಿಗೆ ನಮ್ ನೀರು ವಿಷ ಆಯ್ತೇನ್ಲಾ? ಕುಡಿ."

ನಾನು ಮುಟ್ಟಲಿಲ್ಲ.

"ಓದಿದ್ದು ಜಾಸ್ತಿ ಆಯ್ತು ಕಣ್ಲಾ ನಿಂಗೆ. ಇನ್ನೊಂದ್ಸಲ ಈ ತೋಟಕ್ಕೆ ಕಾಲಿಕ್ಕಿದ್ರೆ ಮುರೀತೀನಿ," ಎಂದವನು ನನ್ನನ್ನೇ ದಿಟ್ಟಿಸುತ್ತ ಅಷ್ಟನ್ನೂ ಗಟಗಟ ಕುಡಿದ.

ಚಿಕ್ಕಮ್ಮ ನನ್ನ ಪರ ಮಾತಾಡಲಿಲ್ಲ. ಅವಳಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಬಾವಿಕಟ್ಟೆಗೆ ಹೋಗಿ ರಾಟೆಯಿಂದ ಹಗ್ಗ ಎಳೆದುಕೊಂಡು ಹೆಗಲಿಗೆ ಹಾಕಿ, ಕೊಡ ಎತ್ತಿ, ರಸ್ತೆಯಾಚೆಯ ತೋಟದ ಕಡೆ ನಡೆದಳು. ಅದು ಮನೆಯವರೆಲ್ಲ ಮಾತು ಬಿಟ್ಟಿದ್ದ ದಾಯಾದಿಯ ತೋಟ.

"ಅವ್ರ ಬಾವಿಗಾ?" ಎಂದ ಚಿಕ್ಕಪ್ಪ.

"ನೀವು ಇದ್ನೇ ಕುಡ್ಕಳಿ," ಎಂದಳು ತಿರುಗದೆ. "ನನ್ ಮಕ್ಳಿಗೆ ಬ್ಯಾಡ."