ಚಿಗವ್ವನ ಹೊಲದ ಎಂಟು ಕಲ್ಲು

ಹುಲಗೇಶ ವಾರದಲ್ಲಿ ಆರು ದಿನ ಹುಬ್ಬಳ್ಳಿಯ ದುರ್ಗದಬೈಲಿನ ಸೀರೆ ಅಂಗಡಿಯಲ್ಲಿ, ಹೆಂಗಸರು ಬಿಡಿಸಿ ನೋಡಿ ಬೇಡವೆಂದ ಸೀರೆಗಳನ್ನು ಮಡಚುವವನು. ಏಳನೆಯ ದಿನ ಮಾತ್ರ ಇತಿಹಾಸ ಸಂಶೋಧಕ. ಹಾಗೆಂದು ನಂಬಿದ್ದವನು ಅವನೊಬ್ಬನೇ. ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಹತ್ತಿ, ಧಾರವಾಡ ದಾಟಿ, ಗರಗದ ಆಚೆಯ ಹಳ್ಳಿಯಲ್ಲಿ ಅವ್ವನ ತಂಗಿ, ಚಿಗವ್ವ ಉಡಚವ್ವನ ಹೊಲಕ್ಕೆ ಹೋಗುತ್ತಿದ್ದ. ಅವಳ ಒಂದೂವರೆ ಎಕರೆಯ ನಟ್ಟನಡುವೆ ಎಂಟು ಬಂಡೆಗಳು ದುಂಡಗೆ ಸುತ್ತುಗಟ್ಟಿ ಕೂತಿದ್ದವು. ಮೂರು ಸಾವಿರ ವರ್ಷದ ಹಿಂದೆ ಸತ್ತವರನ್ನು ಇಂಥ ಜಾಗದಲ್ಲಿ ಹೂಳುತ್ತಿದ್ದರೆಂದು ಕಾಲೇಜಿನಲ್ಲಿ ಸರ್ ಒಬ್ಬರು ಹೇಳಿದ್ದರು. ಡಿಗ್ರಿಯಿಂದ ಹುಲಗೇಶನಿಗೆ ಉಳಿದದ್ದು ಅದೊಂದೇ.

ಹೋದ ಬೇಸಿಗೆಯಲ್ಲಿ ಉಡಚವ್ವ, "ನಾಳೆ ಟ್ರ್ಯಾಕ್ಟರ್ ತರಸ್ತೇನಿ. ಕಲ್ಲು ಕಿತ್ತು ಬದುವಿಗೆ ಹಾಕಸೋದ," ಎಂದಳು.

"ಬ್ಯಾಡ ಚಿಗವ್ವಾ, ಇದು ಇತಿಹಾಸ ಐತಿ."

"ಇತಿಹಾಸ ಬಿತ್ತಿದ್ರ ಸೋಯಾ ಬೆಳೀತೈತೇನೋ? ಈ ಕಲ್ಲಿಗೆ ಸುತ್ತ ಹಾಕಿ ಕುಂಟಿ ಹೊಡ್ಯಾಕ ನೀ ಬರ್ತೀಯೇನು, ತಲೀಗೆ ಆ ಬುಟ್ಟಿ ಹಾಕ್ಕೊಂಡು?" ಬುಟ್ಟಿ ಎಂದದ್ದು ಅವನ ಹೆಲ್ಮೆಟ್ಟಿಗೆ.

ವಾದದಲ್ಲಿ ಸೋತ ಸಂಶೋಧಕ ಒಂದು ಜಾಣತನ ಮಾಡಿದ. ಗರಗದ ತನಕ ಹೋಗಿ ಅರಿಶಿನ, ಕುಂಕುಮ ತಂದು, ಚಿಗವ್ವ ಮನೆಗೆ ಹೋದ ಮೇಲೆ ಎಂಟೂ ಕಲ್ಲಿಗೆ ಬಳಿದು, ಎರಡು ಊದಿನಕಡ್ಡಿ ಸಿಗಿಸಿ ಬಂದ. ಮರುದಿನ ಟ್ರ್ಯಾಕ್ಟರಿನವನು ಅದನ್ನು ನೋಡಿದ್ದೇ ಚಪ್ಪಲಿ ಬಿಟ್ಟು ಕೈಮುಗಿದು, ಗಾಡಿ ತಿರುಗಿಸಿಕೊಂಡು ಹೋದನಂತೆ. ಫೋನಿನಲ್ಲಿ ಸುದ್ದಿ ಕೇಳಿ ಹುಲಗೇಶ ಸೀರೆಗಳ ನಡುವೆ ಒಬ್ಬನೇ ನಕ್ಕ.

ಮುಂದೆ ಎರಡು ತಿಂಗಳು ಮದುವೆ ಸೀಸನ್ನು, ರವಿವಾರವೂ ಸೂಟಿಯಿಲ್ಲ. ಮತ್ತೆ ಹೋದಾಗ ಕಲ್ಲುಗಳ ಮೇಲೆ ತಗಡಿನ ಚಪ್ಪರ, ಸುತ್ತ ಅರ್ಧ ಎಕರೆಗೆ ತಂತಿಬೇಲಿ, ಒಳಗೆ ಮೇಲಿನ ಓಣಿಯವರ ಸಮಿತಿ. ಉಡಚವ್ವ ತನ್ನದೇ ಹೊಲದಲ್ಲಿ ಬೇಲಿಯ ಹೊರಗೆ ಕೂತಿದ್ದಳು.

"ದೇವರು ಎದ್ದಾನಂತ. ನಮ್ಮ ಕೇರಿಯವರು ಒಳಗ ಕಾಲಿಡಬಾರದಂತ," ಎಂದಳು.

ಬೇಲಿಯ ಆ ತುದಿಯಲ್ಲಿ ನಿಂತಿದ್ದ ಸಮಿತಿಯ ಹಿರಿಯನ ಬಳಿಗೆ ಹುಲಗೇಶ ಹೋದ. "ಇದು ಗುಡಿ ಅಲ್ರೀ. ಹೆಣಾ ಹುಗದ ಜಾಗಾ. ಆ ಕುಂಕುಮ ಹಚ್ಚಿದಾವ ನಾನ ರೀ."

ಹಿರಿಯ ಸಿಟ್ಟಾಗಲಿಲ್ಲ. "ತಮ್ಮಾ, ಸಾವಕಾಶ ಮಾತಾಡು. ನೀ ಮುಟ್ಟೀ ಅಂತ ಊರಿಗೆ ಗೊತ್ತಾದ್ರ ಶುದ್ಧಿ ಮಾಡಸಬೇಕಾಗತೈತಿ. ಆ ಖರ್ಚಿಗೆ ನಿಮ್ಮ ಚಿಗವ್ವನ ಉಳಿದ ಹೊಲಾನೂ ಸಾಲಂಗಿಲ್ಲ."

ಕಾನೂನು, ಪೊಲೀಸು ಎಂದೆಲ್ಲ ಹುಲಗೇಶನ ನಾಲಿಗೆಯ ತುದಿಗೆ ಬಂತು. ಅವನು ಸಂಜೆಗೆ ಹುಬ್ಬಳ್ಳಿ ಸೇರುವವನು. ಅವಳು ಇಲ್ಲೇ ಇರಬೇಕಾದವಳು.

ತಿರುಗಿ ಬಂದಾಗ ಚಿಗವ್ವ ಬುತ್ತಿ ಬಿಚ್ಚುತ್ತಿದ್ದಳು. "ಏನಂದ್ರೋ?"

"ಏನಿಲ್ಲ."

"ಯಾವ ಹಾಳಾದಾವ ಹಚ್ಚಿದ್ನೋ ಆ ಕುಂಕುಮಾ, ಅವನ ಕೈ ಸೇದಿ ಕಟಿಗಿ ಆಗ್ಲಿ. ತಗೋ, ತಿನ್ನು. ಅಷ್ಟ ದೂರದಿಂದ ತುಳಕೊಂತ ಬಂದೀ."

ಹುಲಗೇಶ ಬಲಗೈ ಚಾಚಿ ರೊಟ್ಟಿ ಇಸಿದುಕೊಂಡ. ಹಸಿವೆಯೂ ಆಗಿತ್ತು, ನಾಚಿಕೆಗೇಡೆಂದರೆ ಅದೇ.