ನಮ್ಮ ಟೀಮ್ ಲೀಡರ ವೈನ್ ಪಾಠ

ಹೈದರಾಬಾದಿನ ಹೈಟೆಕ್ ಸಿಟಿಯ ನಮ್ಮ ಕಚೇರಿಯಲ್ಲಿ ಟೀಮ್ ಲೀಡ್ ಆಗಿದ್ದವರು ಚಹಾ ಕುಡಿಯುವಾಗಲೂ ಗ್ಲಾಸನ್ನು ಮೂರು ಸುತ್ತು ತಿರುಗಿಸಿ ಮೂಗಿಗೆ ಹಿಡಿಯುತ್ತಿದ್ದರು. "ಅವಸರ ಬ್ಯಾಡ್ರಿ, ಮೊದಲ ವಾಸನಿ" ಎನ್ನುತ್ತಿದ್ದರು. ನಾವು ನಾಲ್ವರು ವೈನ್ ಸವಿಯಲು ಕಾರಿನಲ್ಲಿ ವೈನರಿಯೊಂದಕ್ಕೆ ಹೋಗುವುದೆಂದು ನಿಶ್ಚಯವಾದ ಮೇಲೆ ಮೂರು ತಿಂಗಳು ಇದೇ ಪಾಠ. ವೈನಿಗೆ ಹೆಸರಾದ ನಾಶಿಕ ಬೇಡವೆಂದರು. "ಅಲ್ಲಿ ಭಾಳ ಗದ್ದಲ. ಬರೇ ನಮ್ಮ ಆಫೀಸಿನವರ ಸಿಗ್ತಾರ. ವಿಜಾಪುರದ ಕಡೆ ಗುರುತಿನವರು ಯಾರೂ ಇರಂಗಿಲ್ಲ."

ಅವರ ಹೆಂಡತಿಯ ತವರು ಅದೇ ಕಡೆಯದು ಎಂದು ನಮಗೆ ಆಗಲೇ ಗೊತ್ತಿತ್ತೆಂದು ನೆನಪು ಹೇಳುತ್ತದೆ. ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ವೈನರಿಯಲ್ಲಿ ಅವರು ಕೆಂಪು ವೈನಿನ ಎರಡನೇ ಗ್ಲಾಸ್ ಮುಗಿಸುತ್ತಿದ್ದಾಗ, ದ್ರಾಕ್ಷಿಯ ಕ್ರೇಟು ಇಳಿಸಿ ಒಳಬಂದ ಹಿರಿಯರೊಬ್ಬರು, "ಅಳಿಯಂದ್ರ! ನೀವಿಲ್ಲಿ?" ಎಂದರು. ಲೀಡ್ ಗ್ಲಾಸನ್ನು ನನ್ನ ಕೈಗೆ ತುರುಕಿದರು. ಎಂದೂ ಕುಡಿಯುವುದಿಲ್ಲವೆಂದು ಮಾತು ಕೊಟ್ಟು ಅವರು ಆ ಮನೆಯ ಅಳಿಯರಾಗಿದ್ದರು; ಆ ಮನೆಯವರು ವೈನರಿಯ ಕಡೆ ಸುಳಿಯುತ್ತಾರೆಂದು ಎಣಿಸಿರಲಿಲ್ಲ.

"ಇವ್ರನ್ನ ಕರ್ಕೊಂಡು ಬಂದೀನ್ರಿ, ಮಾವಾರ. ನಾ ಮುಟ್ಟಂಗಿಲ್ಲ."

ಮಾವನವರು ನನ್ನ ಕೈಯ ಗ್ಲಾಸನ್ನೇ ನೋಡಿದರು. "ಮೂರು ವರ್ಷಾತು, ಇವರಿಗೆ ದ್ರಾಕ್ಷಿ ಹಾಕಾಕತ್ತೀನಿ. ಕುಡದಮ್ಯಾಲ ರುಚಿ ಹೆಂಗಿರ್ತೈತಿ ಅಂತ ಮನ್ಯಾಗ ಯಾರನ್ನ ಕೇಳ್ಲಿ? ನೀವರ ಹೇಳ್ರಿ, ಅಳಿಯಂದ್ರ."

ನಮಗೆ ಅಷ್ಟು ಪಾಠ ಹೇಳಿದವರು ನೆಲ ನೋಡುತ್ತ, "ನನಗೇನ್ ತಿಳಿತೈತ್ರಿ" ಎಂದರು.

ಮಾವನವರು ನಕ್ಕರೋ ಇಲ್ಲವೋ, ಈಗ ಹೇಳಲಾರೆ. ಹೆಗಲ ಮೇಲಿನ ಟವೆಲ್ ತೆಗೆದು ಅಳಿಯನ ಕೈಗಿಟ್ಟರು.

"ಮೀಸಿ ಕೆಂಪಗಾಗೈತಿ. ಒರಸ್ಕೊಂಡು ಎಲ್ಲಾರೂ ಊಟಕ್ಕ ಮನಿಗೆ ಬರ್ರಿ."